ಮಕ್ಕಳಿಗೆ ದೋಣಿವಿದ್ಯೆ: ಸುರಕ್ಷತೆಯ ಕಲ್ಪನೆಯ ಚಾರಿತ್ರಿಕ ಅವಲೋಕನ

ನದಿ, ಹಿನ್ನೀರು, ಕಡಲುಗಳ ದಂಡೆಯಲ್ಲಿ ಬದುಕು ಕಟ್ಟಿಕೊಂಡ ಸಮುದಾಯಗಳಲ್ಲಿ ಮಕ್ಕಳಿಗೆ ದೋಣಿ ನಡೆಸುವುದನ್ನು ಕಲಿಸಲು ಪ್ರತ್ಯೇಕವಾದ ವ್ಯವಸ್ಥೆಯೇನೂ ಇರಲಿಲ್ಲ. ಕರಾವಳಿಯ ಮೊಗವೀರ, ಖಾರ್ವಿ ಕುಟುಂಬಗಳಲ್ಲಾಗಲಿ, ತುಂಗಭದ್ರಾ, ಕಾವೇರಿ ತೀರದ ಅಂಬಿಗರ ಮನೆಗಳಲ್ಲಾಗಲಿ ಹುಡುಗನು ಮೊದಲು ದಡದಲ್ಲಿ ಬಲೆ ಎಳೆಯಲು ಕೈಗೂಡಿಸುತ್ತಿದ್ದನು, ಬಳಿಕ ದೋಣಿಯ ನೀರು ಮೊಗೆಯುತ್ತಿದ್ದನು, ಆ ಮೇಲೆ ಹುಟ್ಟು ಹಿಡಿಯುತ್ತಿದ್ದನು. ಕಲಿಕೆಯು ದುಡಿಮೆಯೊಳಗೇ ಅಡಗಿತ್ತು. ಯಾವ ಗಾಳಿಗೆ ಹೊರಡಬಾರದು, ಯಾವ ಅಳಿವೆಯನ್ನು ಯಾವ ಹೊತ್ತಿನಲ್ಲಿ ದಾಟಬಾರದು ಎಂಬ ತಿಳಿವಳಿಕೆ ಗದರಿಕೆಯ ರೂಪದಲ್ಲಿ, ನಿಷೇಧದ ರೂಪದಲ್ಲಿ, ಕೆಲವೊಮ್ಮೆ ಹರಕೆಯ ರೂಪದಲ್ಲಿ ಮುಂದಿನ ತಲೆಮಾರಿಗೆ ದಾಟುತ್ತಿತ್ತು.

ಇಂಥ ತಿಳಿವಳಿಕೆ ದಾಖಲೆಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಹೊಳೆ ದಾಟಿಸುವ, ಬುಟ್ಟಿಯಂತೆ ದುಂಡಗಿರುವ, ಚರ್ಮ ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ. ಅವುಗಳಲ್ಲಿ ಎಷ್ಟು ಜನ ಕೂರುತ್ತಿದ್ದರು, ಕುದುರೆ ಎತ್ತುಗಳನ್ನು ಹೇಗೆ ಸಾಗಿಸುತ್ತಿದ್ದರು ಎಂಬುದು ಅವನ ಕಣ್ಣಿಗೆ ಬಿದ್ದಿದೆ. ಆ ಹರಿಗೋಲನ್ನು ತಿರುಗದಂತೆ ಹಿಡಿದು ಹುಟ್ಟು ಹಾಕುವುದನ್ನು ಅಂಬಿಗನ ಮಗ ಯಾವ ವಯಸ್ಸಿನಲ್ಲಿ, ಯಾರಿಂದ ಕಲಿತನೆಂಬುದು ಪ್ರವಾಸಿಯ ಆಸಕ್ತಿಗೆ ಹೊರತಾದುದು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರಿನಲ್ಲೇ ದೋಣಿಯ ಕಾಯಕವಿದ್ದರೂ, ನಮ್ಮ ಸಾಹಿತ್ಯ ಪರಂಪರೆಯಲ್ಲಿ ಅಂಬಿಗನು ಹೆಚ್ಚಾಗಿ ದಾಟಿಸುವವನ ರೂಪಕವಾಗಿಯೇ ಉಳಿದಿದ್ದಾನೆ. ಅವನ ಕಸುಬಿನ ಕಲಿಕೆಗೆ ಅಲ್ಲಿ ಸಿಕ್ಕಿರುವ ಜಾಗ ಕಡಿಮೆ.

ದೋಣಿವಿದ್ಯೆಯು ಹೊಟ್ಟೆಪಾಡಿನಿಂದ ಬೇರೆಯಾಗಿ ಶಿಕ್ಷಣವೆನಿಸಿಕೊಂಡಾಗ, ಅಂದರೆ ಕಡಲನ್ನೇ ಕಾಣದ ಮನೆಯ ಮಗುವಿನ ಕೈಗೆ ಚುಕ್ಕಾಣಿ ಕೊಡುವ ಸಂದರ್ಭ ಒದಗಿದಾಗ, ಸುರಕ್ಷತೆಯನ್ನು ಬರೆದಿಡಬೇಕಾದ ಅಗತ್ಯ ಉಂಟಾಯಿತು. ಈ ಬದಲಾವಣೆಯ ದಾಖಲೆಗಳು ವಿಪುಲವಾಗಿ ದೊರೆಯುವುದು ಬ್ರಿಟನ್ನಿನಲ್ಲಿ. ಅಲ್ಲಿಯ ಚರಿತ್ರೆಯನ್ನು ಮುಖ್ಯವಾಗಿಟ್ಟುಕೊಂಡು, ಮಕ್ಕಳ ಸುರಕ್ಷತೆಯ ಹೊಣೆಯನ್ನು ಕಾಲಕಾಲಕ್ಕೆ ಯಾರ ಮೇಲೆ, ಯಾವುದರ ಮೇಲೆ ಹೊರಿಸಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ತರಬೇತಿ ಹಡಗುಗಳ ಕಾಲ

ಲಂಡನ್ನಿನಲ್ಲಿ 1756ರಲ್ಲಿ ಜೋನಸ್ ಹ್ಯಾನ್ವೆಯ ಮುಂದಾಳತನದಲ್ಲಿ ಸ್ಥಾಪಿತವಾದ ಮರೀನ್ ಸೊಸೈಟಿಯು ಬಡ ಹುಡುಗರಿಗೆ ಬಟ್ಟೆಬರೆ ಕೊಟ್ಟು ನೌಕಾಪಡೆಗೆ ಕಳುಹಿಸುವ ಕೆಲಸವನ್ನು ಕೈಗೊಂಡಿತು. 1786ರಲ್ಲಿ ಅದು ಡೆಟ್‌ಫರ್ಡಿನಲ್ಲಿ ಹಡಗೊಂದನ್ನು ನಿಲ್ಲಿಸಿ, ಹುಡುಗರಿಗೆ ಸಮುದ್ರಕ್ಕೆ ಹೋಗುವ ಮೊದಲೇ ಹಗ್ಗ, ಹಾಯಿ, ಹುಟ್ಟುಗಳ ಪಾಠ ಹೇಳಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಹಡಗುಗಳ ಸಂಖ್ಯೆ ಬೆಳೆಯಿತು. ಗ್ರೀನ್‌ಹಿತ್‌ನಲ್ಲಿ ಲಂಗರು ಹಾಕಿದ್ದ 'ಅರೆತ್ಯೂಸಾ' ಅವುಗಳಲ್ಲೊಂದು. ನಿರ್ಗತಿಕ ಬಾಲಕರಿಗೆ ಅನ್ನ, ಅಕ್ಷರ, ಕಸುಬು ಮೂರನ್ನೂ ಒದಗಿಸಿದ ಸಂಸ್ಥೆಗಳಿವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ಹುಡುಗನೆಂದರೆ ಚಿಕ್ಕ ಗಾತ್ರದ ನಾವಿಕ. ಅವನ ಮೈಗೂ ವಯಸ್ಸಿಗೂ ಹೊಂದುವ ದೋಣಿ ಬೇಕೆಂಬ ಪ್ರಶ್ನೆ ಹುಟ್ಟಿರಲಿಲ್ಲ.

1878ರ ಮಾರ್ಚ್ 24ರಂದು, ವೆಸ್ಟ್ ಇಂಡೀಸ್‌ನಿಂದ ಹಿಂತಿರುಗುತ್ತಿದ್ದ ತರಬೇತಿ ನೌಕೆ 'ಯೂರಿಡಿಸಿ' ವೈಟ್ ದ್ವೀಪದ ಬಳಿ ಹಿಮದೊಡನೆ ಬೀಸಿದ ಹಠಾತ್ ಬಿರುಗಾಳಿಗೆ ಸಿಕ್ಕಿ ಮುಳುಗಿತು. 300ಕ್ಕೂ ಹೆಚ್ಚು ಮಂದಿ ಸತ್ತರು, ಉಳಿದವರು ಇಬ್ಬರೇ. ಎರಡು ವರ್ಷಗಳ ಬಳಿಕ ಅದರ ಸ್ಥಾನಕ್ಕೆ ಬಂದ 'ಅಟಲಾಂಟಾ' ಬರ್ಮುಡಾದಿಂದ ಹೊರಟು ಕುರುಹಿಲ್ಲದೆ ಕಣ್ಮರೆಯಾಯಿತು. ಎರಡರಲ್ಲೂ ಇದ್ದವರಲ್ಲಿ ಕಲಿಯುತ್ತಿದ್ದ ತರುಣರೇ ಹೆಚ್ಚು. ರಾಷ್ಟ್ರವು ಶೋಕಿಸಿತು, ಕವಿಗಳು ಬರೆದರು. ಹಾಯಿ ಹಡಗಿನ ತರಬೇತಿಯೇ ಬೇಕೇ ಎಂಬ ವಾದವೂ ನಡೆಯಿತು. ಆದರೂ ಈ ಸಾವುಗಳನ್ನು ನೌಕಾಪಡೆಯ ವೃತ್ತಿಗೆ ಅಂಟಿಕೊಂಡ ಸಹಜ ಆಪತ್ತೆಂದು ಕಾಣುವ ಮನೋಧರ್ಮವು ಹಾಗೆಯೇ ಮುಂದುವರಿಯಿತು.

ಸಮುದ್ರ ಸ್ಕೌಟರು ಮತ್ತು ಲೇಸ್‌ಡೌನ್ ದುರಂತ

ವೃತ್ತಿಗೆ ಹೊರತಾದ ಬಾಲಕರು ದೊಡ್ಡ ಸಂಖ್ಯೆಯಲ್ಲಿ ದೋಣಿ ಹತ್ತಿದ್ದು ಸ್ಕೌಟ್ ಚಳವಳಿಯ ಮೂಲಕ. ರಾಬರ್ಟ್ ಬೇಡನ್ ಪೊವೆಲ್‌ನ 'ಸ್ಕೌಟಿಂಗ್ ಫಾರ್ ಬಾಯ್ಸ್' 1908ರಲ್ಲಿ ಹೊರಬಂದಿತು. ಮರುವರ್ಷ, 1909ರ ಆಗಸ್ಟಿನಲ್ಲಿ, ದಕ್ಷಿಣ ಇಂಗ್ಲೆಂಡಿನ ಬ್ಯೂಲಿ ನದಿಯ ಬಕ್ಲರ್ಸ್ ಹಾರ್ಡ್ ಎಂಬಲ್ಲಿ ಸ್ಕೌಟ್ ಶಿಬಿರವೊಂದು ನಡೆಯಿತು. ಹುಡುಗರಲ್ಲಿ ಅರ್ಧ ಮಂದಿ ದಡದಲ್ಲಿದ್ದರೆ ಉಳಿದ ಅರ್ಧ 'ಮರ್ಕ್ಯುರಿ' ತರಬೇತಿ ಹಡಗಿನಲ್ಲಿದ್ದರು. ಒಂದು ವಾರದ ಬಳಿಕ ಅದಲುಬದಲಾದರು. ಆ ಹಡಗಿನ ಹೊಣೆ ಹೊತ್ತಿದ್ದವನು ಕ್ರಿಕೆಟ್ ಚರಿತ್ರೆಯ ಓದುಗರಿಗೆ ಪರಿಚಿತನಾದ ಸಿ. ಬಿ. ಫ್ರೈ. ಸಮುದ್ರ ಸ್ಕೌಟರ ಶಾಖೆಯ ಮೂಲವನ್ನು ಈ ಶಿಬಿರದಲ್ಲಿ ಗುರುತಿಸುವುದು ವಾಡಿಕೆ. ಭಾರತದ ಮೊದಲ ಸ್ಕೌಟ್ ದಳ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಆರಂಭವಾದುದೂ 1909ರಲ್ಲಿಯೇ. ಆ ದಳ ನೆಲದ ಮೇಲಿನ ಸ್ಕೌಟಿಂಗ್‌ಗೆ ಸೇರಿದುದು. ಕಾಲದ ಸಾಮೀಪ್ಯವನ್ನಷ್ಟೇ ಇಲ್ಲಿ ಗಮನಿಸಬಹುದು.

ಸಮುದ್ರ ಶಾಖೆಗೆ ಪಠ್ಯ ಒದಗಿಸಿದವನು ಬೇಡನ್ ಪೊವೆಲ್‌ನ ಅಣ್ಣ ವಾರಿಂಗ್ಟನ್. ಇವನು ತಾರುಣ್ಯದಲ್ಲಿ ನೌಕಾಪಡೆಯಲ್ಲಿದ್ದು ಅನಂತರ ನೌಕಾ ವ್ಯಾಜ್ಯಗಳ ವಕೀಲನಾದವನು. ಹಾಯಿ ಕಟ್ಟಿದ ಕಿರುದೋಣಿಗಳಲ್ಲಿ ದೂರ ಸಂಚರಿಸಿ ಹೆಸರು ಮಾಡಿದ್ದನು. ಬಾಲ್ಯದಲ್ಲಿ ತಮ್ಮಂದಿರನ್ನು ದೋಣಿಯಲ್ಲಿ ಕೂರಿಸಿಕೊಂಡು ಕಟ್ಟುನಿಟ್ಟಾಗಿ ದುಡಿಸಿದ ಅಣ್ಣನೂ ಇವನೇ. 1912ರಲ್ಲಿ ಬಂದ ಅವನ 'ಸೀ ಸ್ಕೌಟಿಂಗ್ ಅಂಡ್ ಸೀಮನ್‌ಶಿಪ್ ಫಾರ್ ಬಾಯ್ಸ್' ಕೃತಿಯು ಶಾಲಾ ವಯಸ್ಸಿನ ಬಾಲಕನನ್ನೇ ಓದುಗನೆಂದು ಭಾವಿಸಿ ನೌಕಾವಿದ್ಯೆಯನ್ನು ವಿವರಿಸಿದ ಕೃತಿಗಳಲ್ಲಿ ಮುಖ್ಯವಾದುದು.

ಅದೇ 1912ರ ಬೇಸಿಗೆಯಲ್ಲಿ ಸಮುದ್ರ ಸ್ಕೌಟಿಂಗ್‌ನ ಅತ್ಯಂತ ದೊಡ್ಡ ಆಘಾತವೂ ಸಂಭವಿಸಿತು. ದಕ್ಷಿಣ ಲಂಡನ್ನಿನ ಬಡ ಬಡಾವಣೆಯಾದ ವಾಲ್ವರ್ತಿನ ಸ್ಕೌಟ್ ದಳವೊಂದು ಹಳೆಯ ನೌಕಾಪಡೆಯ ಕಟರ್ ದೋಣಿಯಲ್ಲಿ ಥೇಮ್ಸ್ ನದಿಯಗುಂಟ ಇಳಿದು, ನದೀಮುಖದ ಶೆಪಿ ದ್ವೀಪದ ಲೇಸ್‌ಡೌನಿನಲ್ಲಿ ಶಿಬಿರ ಹೂಡಲು ಹೊರಟಿತು. ಆಗಸ್ಟ್ 4, ಭಾನುವಾರ. ದಡ ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿರುವಾಗ ಹಠಾತ್ತನೆ ಬೀಸಿದ ಗಾಳಿಗೆ ದೋಣಿ ಮಗುಚಿತು. ಎಂಟು ಸ್ಕೌಟರೂ ಅವರ ಜೊತೆಗಿದ್ದ 'ಅರೆತ್ಯೂಸಾ' ತರಬೇತಿ ಹಡಗಿನ ಹುಡುಗನೊಬ್ಬನೂ, ಒಟ್ಟು ಒಂಬತ್ತು ಮಂದಿ ಸತ್ತರು. ಸತ್ತವರು ಹತ್ತು ವರ್ಷ ದಾಟಿದ ಬಾಲಕರು.

ಆ ಬಳಿಕ ನಡೆದುದು ಚರಿತ್ರೆಯ ವಿದ್ಯಾರ್ಥಿಗೆ ಘಟನೆಯಷ್ಟೇ ಮಹತ್ವದ್ದು. ಆಗ ನೌಕಾಪಡೆಯ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಶವಗಳನ್ನು ಲಂಡನ್ನಿಗೆ ತರಲು 'ಫರ್ವೆಂಟ್' ಎಂಬ ಯುದ್ಧನೌಕೆಯನ್ನು ಕಳುಹಿಸಿದನು. ನನ್‌ಹೆಡ್ ಸ್ಮಶಾನದಲ್ಲಿ ನಡೆದ ಅಂತ್ಯಕ್ರಿಯೆಗೆ ಅಪಾರ ಜನ ಸೇರಿದರು. 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ನೆರವಿನಿಂದ, ವಾಸ್ತುಶಿಲ್ಪಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ರೂಪಿಸಿದ ಸ್ಮಾರಕವೊಂದು 1914ರಲ್ಲಿ ಅಲ್ಲಿ ಎದ್ದು ನಿಂತಿತು. ಅದರ ಮೇಲೆ ಕಂಚಿನ ಸ್ಕೌಟ್ ಪ್ರತಿಮೆಯಿತ್ತು. ಬೀದಿಯ ಬಡ ಮಕ್ಕಳಿಗೆ ರಾಷ್ಟ್ರವು ಸಲ್ಲಿಸಿದ ಈ ಗೌರವ ಅಪೂರ್ವವಾದುದು. ಆದರೆ ಈ ಗೌರವದ ಭಾಷೆಯನ್ನು ಗಮನಿಸಬೇಕು. ಯುದ್ಧನೌಕೆ, ಮೆರವಣಿಗೆ, ಕಂಚು ಇವೆಲ್ಲ ಕರ್ತವ್ಯದಲ್ಲಿ ಮಡಿದ ಯೋಧನಿಗೆ ಸಲ್ಲುವಂಥವು. ಬಾಲಕನ ಸಾವಿಗೆ ಈ ಅರ್ಥವನ್ನು ತೊಡಿಸಿದ ಕೂಡಲೇ ಬೇರೆ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ವಯಸ್ಕ ನಾವಿಕರ ಬಲಕ್ಕೆಂದು ಕಟ್ಟಿದ ಭಾರವಾದ ದೋಣಿಯಲ್ಲಿ ಹುಡುಗರನ್ನು ತುಂಬಿ ಹಾಯಿ ಬಿಡುವುದು ತಕ್ಕುದೇ? ಮಗುಚಿದ ದೋಣಿಯಲ್ಲಿ ಏನು ಮಾಡಬೇಕೆಂದು ಅವರು ಒಮ್ಮೆಯಾದರೂ ಅಭ್ಯಾಸ ಮಾಡಿದ್ದರೇ? ಜೊತೆಯಲ್ಲಿ ಇನ್ನೊಂದು ದೋಣಿ ಇರಬೇಕಿತ್ತಲ್ಲವೇ? ಇಂಥ ಪ್ರಶ್ನೆಗಳಿಗೆ ಶೋಕದ ಆ ಭಾಷೆಯಲ್ಲಿ ಸ್ಥಳವಿರಲಿಲ್ಲ.

ಚಳವಳಿ ನಿಲ್ಲಲಿಲ್ಲ. ಮುಂದಿನ ದಶಕಗಳಲ್ಲಿ ಈಜು ಕಡ್ಡಾಯವೆಂಬ, ದೋಣಿಯ ಹೊಣೆ ಹೊರುವವನಿಗೆ ಅರ್ಹತಾಪತ್ರವಿರಬೇಕೆಂಬ ನಿಯಮಗಳು ಬೆಳೆದವು. 1940ರಲ್ಲಿ ಡನ್‌ಕರ್ಕಿನಿಂದ ಸೈನಿಕರನ್ನು ತೆರವುಗೊಳಿಸಿದಾಗ, 'ಟೈಟಾನಿಕ್' ಹಡಗಿನಲ್ಲಿ ಬದುಕಿ ಉಳಿದ ಅಧಿಕಾರಿ ಚಾರ್ಲ್ಸ್ ಲೈಟಾಲರ್ ತನ್ನ 'ಸನ್‌ಡೌನರ್' ದೋಣಿಯಲ್ಲಿ ಮಗನ ಜೊತೆಗೆ ಕರೆದೊಯ್ದುದು ಒಬ್ಬ ಸಮುದ್ರ ಸ್ಕೌಟನನ್ನು. ಚಳವಳಿಯ ಸ್ವಚಿತ್ರಣದಲ್ಲಿ ಡನ್‌ಕರ್ಕಿನ ಈ ಸ್ಕೌಟನಿಗೆ ದೊರೆತ ಸ್ಥಾನ ಲೇಸ್‌ಡೌನಿನ ಒಂಬತ್ತು ಮಂದಿಗೆ ದೊರೆಯದೆ ಹೋದುದು ಅಚ್ಚರಿಯಲ್ಲ.

ಶೀಲದ ಶಿಕ್ಷಣವಾಗಿ ಕಡಲು

ಎರಡು ಮಹಾಯುದ್ಧಗಳ ನಡುವಣ ಅವಧಿಯಲ್ಲಿ ಸುರಕ್ಷತೆಯನ್ನು ಮಗುವಿನ ಶೀಲದಲ್ಲಿಯೇ ಹುಡುಕುವ ವಿಚಾರಧಾರೆ ಬಲವಾಯಿತು. ಎಚ್ಚರವುಳ್ಳ, ಆತ್ಮವಿಶ್ವಾಸವುಳ್ಳ ಮಗು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ ಎಂಬುದು ಇದರ ತಿರುಳು. ಇದಕ್ಕೆ ಸಾಹಿತ್ಯರೂಪ ಕೊಟ್ಟವನು ಆರ್ಥರ್ ರಾನ್ಸಮ್. 1928ರಲ್ಲಿ ಕಾನಿಸ್ಟನ್ ಸರೋವರದಲ್ಲಿ ಆಲ್ಟೂನ್ಯನ್ ಕುಟುಂಬದ ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸಿದ ಅನುಭವದಿಂದ 1930ರ 'ಸ್ವಾಲೋಸ್ ಅಂಡ್ ಅಮೆಜಾನ್ಸ್' ಹುಟ್ಟಿತು. ಅದರ ಮಕ್ಕಳು ಹಿರಿಯರಿಲ್ಲದೆ ದ್ವೀಪವೊಂದಕ್ಕೆ ಹಾಯಿ ಬಿಟ್ಟು ಹೋಗುತ್ತಾರೆ. ದೂರದಲ್ಲಿರುವ ತಂದೆ ತಂತಿಯ ಮೂಲಕ ಅನುಮತಿ ಕೊಡುತ್ತಾನೆ. ಅಪಾಯದ ಪ್ರಶ್ನೆಯನ್ನು ಆ ತಂತಿ ಮಕ್ಕಳ ಜಾಣತನದ ಪ್ರಶ್ನೆಯಾಗಿ ಮಾರ್ಪಡಿಸುತ್ತದೆ. ಎಷ್ಟೋ ತಲೆಮಾರುಗಳ ಓದುಗರು ಇದನ್ನು ಮೆಚ್ಚಿ ನಕ್ಕಿದ್ದಾರೆ. ಲೇಸ್‌ಡೌನ್ ಕಳೆದು ಇನ್ನೂ ಎರಡು ದಶಕವೂ ಆಗಿರಲಿಲ್ಲವೆಂಬುದನ್ನು ನೆನೆದರೆ ಆ ನಗು ಅಷ್ಟು ಸರಾಗವಾಗಿ ಬರುವುದಿಲ್ಲ. ಹಾಗಿದ್ದರೂ ರಾನ್ಸಮ್‌ನನ್ನು ಬೇಜವಾಬ್ದಾರಿಯ ಲೇಖಕನೆನ್ನುವುದು ಅನ್ಯಾಯವಾದೀತು. ಅವನ ಪುಟಗಳಲ್ಲಿ ಹಾಯಿ ಕಿರಿದುಗೊಳಿಸುವುದು, ಕತ್ತಲಲ್ಲಿ ದಾರಿ ಗುರುತಿಸುವುದು, ಗಾಳಿಯ ದಿಕ್ಕು ಬದಲಾದಾಗ ದೋಣಿ ತಿರುಗಿಸುವುದು ಇವುಗಳ ವಿವರ ಬಹಳ ಖಚಿತವಾಗಿದೆ. 1937ರ 'ವಿ ಡಿಡಂಟ್ ಮೀನ್ ಟು ಗೋ ಟು ಸೀ' ಕಾದಂಬರಿಯಲ್ಲಿ ಮಕ್ಕಳು ಮಂಜಿನಲ್ಲಿ ಲಂಗರು ಕಳಚಿದ ದೋಣಿಯೊಡನೆ ಉತ್ತರ ಸಮುದ್ರ ದಾಟಿ ಹಾಲೆಂಡ್ ಸೇರುತ್ತಾರೆ. ಆ ದಾರಿಯನ್ನು ರಾನ್ಸಮ್ ಮೊದಲು ತಾನೇ ಹಾಯಿ ಬಿಟ್ಟು ಹೋಗಿ ಪರೀಕ್ಷಿಸಿದ್ದನು.

ಶಿಕ್ಷಣ ಕ್ಷೇತ್ರದಲ್ಲಿ ಇದೇ ವಿಚಾರವನ್ನು ಸಂಸ್ಥೆಯಾಗಿ ಕಟ್ಟಿದವನು ಕುರ್ಟ್ ಹಾನ್. ನಾಜಿ ಆಡಳಿತದ ವಿರೋಧಿಯಾಗಿ ಸೆರೆಯಾಗಿ, 1933ರಲ್ಲಿ ಜರ್ಮನಿಯನ್ನು ತೊರೆದು ಬಂದ ಈ ಶಿಕ್ಷಣತಜ್ಞ 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗೋರ್ಡನ್‌ಸ್ಟನ್ ಶಾಲೆಯನ್ನು ಆರಂಭಿಸಿದನು. ಅಲ್ಲಿ ದೋಣಿಯ ಕೆಲಸ ಪಾಠಪಟ್ಟಿಯ ಅಂಗವೇ ಆಗಿತ್ತು. 1941ರಲ್ಲಿ ವೇಲ್ಸ್ ಕರಾವಳಿಯ ಅಬರ್‌ಡವಿಯಲ್ಲಿ, ಬ್ಲೂ ಫನಲ್ ಹಡಗು ಸಂಸ್ಥೆಯ ಲಾರೆನ್ಸ್ ಹೋಲ್ಟ್‌ನ ನೆರವಿನಿಂದ ಮೊದಲ 'ಔಟ್‌ವರ್ಡ್ ಬೌಂಡ್' ಶಾಲೆ ತೆರೆಯಿತು. ಜಲಾಂತರ್ಗಾಮಿಗಳ ದಾಳಿಗೆ ಸಿಕ್ಕ ಹಡಗುಗಳಿಂದ ಪಾರಾಗುವ ಜೀವರಕ್ಷಕ ದೋಣಿಗಳಲ್ಲಿ ತರುಣ ನಾವಿಕರು ಬೇಗ ಕುಸಿದು ಸಾಯುತ್ತಾರೆ, ಹಾಯಿ ಹಡಗಿನಲ್ಲಿ ಪಳಗಿದ ಹಿರಿಯರು ಬದುಕುತ್ತಾರೆ ಎಂಬುದು ಹೋಲ್ಟ್‌ನ ದೃಢವಾದ ನಂಬಿಕೆ. ಈ ಮಾತು ಔಟ್‌ವರ್ಡ್ ಬೌಂಡ್ ಚರಿತ್ರೆಗಳಲ್ಲೆಲ್ಲ ಪುನರುಕ್ತವಾಗಿದೆ. ಇದನ್ನು ಸಾಧಿತ ಸತ್ಯವೆನ್ನುವುದಕ್ಕಿಂತ ಸಂಸ್ಥೆಯ ಸ್ಥಾಪನಾ ನಂಬಿಕೆಯೆಂದು ಪರಿಗಣಿಸುವುದು ಲೇಸು. ಕಡಲಿಗಾಗಿ ತರಬೇತಿ ಎನ್ನುವುದರ ಬದಲು ಕಡಲಿನ ಮೂಲಕ ತರಬೇತಿ ಎಂಬ ಅಬರ್‌ಡವಿಯ ದೃಷ್ಟಿಯು ಮುಂದೆ ಸಾಹಸ ಶಿಕ್ಷಣವೆಂಬ ಹೆಸರಿನಲ್ಲಿ ಖಂಡಾಂತರಗಳಿಗೆ ಹರಡಿತು. ಅದರ ಒಳಿತು ದೊಡ್ಡದು. ಶೀಲವನ್ನು ಪರೀಕ್ಷಿಸಲು ಒಂದಿಷ್ಟು ಅಪಾಯ ಬೇಕೇ ಬೇಕೆಂಬ ಅದರ ಒಳತರ್ಕವೂ ಜೊತೆಗೇ ಹರಡಿತು.

ಎರಡು ಪ್ಲೈವುಡ್ ಹಲಗೆಗಳ ದೋಣಿ

ಮಗುವಿಗೆ ದೋಣಿಯ ಹೊಣೆ ಕೊಡಬೇಕಾದರೆ ದೋಣಿಯು ಮಗುವಿನ ಅಳತೆಯದಾಗಿರಬೇಕು ಎಂಬ ಸರಳ ವಿಚಾರ ಕಾರ್ಯರೂಪಕ್ಕೆ ಬಂದುದು ಎರಡನೆಯ ಮಹಾಯುದ್ಧದ ಬಳಿಕ. ಯುದ್ಧದ ಅವಧಿಯಲ್ಲಿ ಸುಧಾರಿಸಿದ ಜಲನಿರೋಧಕ ಪ್ಲೈವುಡ್ ಅಗ್ಗವಾಗಿ ದೊರೆಯತೊಡಗಿದುದು ಇದಕ್ಕೆ ಒಂದು ಕಾರಣ. 1947ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಇಬ್ಬರು ಮಕ್ಕಳು ನಡೆಸಬಹುದಾದ 'ಕೆಡೆಟ್' ಹಾಯಿದೋಣಿಯನ್ನು ರೂಪಿಸಿದನು. ಅದೇ ವರ್ಷ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇನ್ನೂ ಚಿಕ್ಕದಾದ, ಮುಂದೆ ಇನ್ನೂ ಪ್ರಸಿದ್ಧವಾದ ದೋಣಿಯೊಂದು ಹುಟ್ಟಿತು.

ಫ್ಲಾರಿಡಾದ ಕ್ಲಿಯರ್‌ವಾಟರ್ ಪಟ್ಟಣದಲ್ಲಿ ಮೇಜರ್ ಕ್ಲಿಫರ್ಡ್ ಮೆಕೆ ಎಂಬಾತ ಅಲ್ಲಿಯ 'ಆಪ್ಟಿಮಿಸ್ಟ್ ಕ್ಲಬ್' ಎಂಬ ಸೇವಾಸಂಸ್ಥೆಯ ಮುಂದೆ ಒಂದು ಸೂಚನೆಯನ್ನಿಟ್ಟನು. ಇಳಿಜಾರಿನಲ್ಲಿ ಮಕ್ಕಳು ತಾವೇ ಕಟ್ಟಿದ ಗಾಡಿಗಳನ್ನು ಓಡಿಸುವ ಸ್ಪರ್ಧೆ ಆಗ ಅಮೆರಿಕದಲ್ಲಿ ಜನಪ್ರಿಯವಾಗಿತ್ತು. ಕ್ಲಿಯರ್‌ವಾಟರ್‌ನಲ್ಲಿ ಇಳಿಜಾರಿಲ್ಲ, ನೀರಿದೆ. ಆದುದರಿಂದ ಅಲ್ಲಿಯ ಮಕ್ಕಳಿಗೆ 50 ಡಾಲರಿನೊಳಗೆ ಆಗುವ ದೋಣಿ ಬೇಕು. ದೋಣಿ ಕಟ್ಟುವ ಕುಶಲಿ ಕ್ಲಾರ್ಕ್ ಮಿಲ್ಸ್ ಎಂಟಡಿ ಉದ್ದ, ನಾಲ್ಕಡಿ ಅಗಲದ ಎರಡು ಪ್ಲೈವುಡ್ ಹಲಗೆಗಳಲ್ಲಿ ಕೆಲಸ ಮುಗಿಸಲು ಹೊರಟನು. ಎಂಟಡಿಯ ಹಲಗೆಯಲ್ಲಿ ಚೂಪಾದ ಮೂತಿ ತೆಗೆದರೆ ಕೂರಲು ಜಾಗ ಉಳಿಯುವುದಿಲ್ಲ. ಹಾಗಾಗಿ ದೋಣಿಯ ಮುಂಭಾಗವನ್ನು ಮೊಂಡಾಗಿಯೇ ಬಿಟ್ಟನು. ಅಡಿಭಾಗ ಚಪ್ಪಟೆ, ಪಕ್ಕಗಳು ನೆಟ್ಟಗೆ. ಕಣ್ಣಿಗೆ ಸೌಂದರ್ಯವಿಲ್ಲದ ಈ ತೊಟ್ಟಿಯಂಥ ದೋಣಿಗೆ ಕ್ಲಬ್ಬಿನ ಹೆಸರೇ ಅಂಟಿತು. ಊರಿನ ವರ್ತಕರು ಒಂದೊಂದು ದೋಣಿಯ ವೆಚ್ಚವನ್ನು ವಹಿಸಿಕೊಂಡರು.

ಈ ರಚನೆಯ ಸುರಕ್ಷತಾ ಗುಣಗಳಲ್ಲಿ ಕೆಲವು ಅಗ್ಗದ ಬೆಲೆಯ ಹಟದಿಂದಲೇ ಬಂದವು ಎಂಬುದು ಸ್ವಾರಸ್ಯಕರ. ಚಪ್ಪಟೆ ತಳದಿಂದಾಗಿ ದೋಣಿ ಸುಲಭವಾಗಿ ಓಲಾಡುವುದಿಲ್ಲ. ಗಿಡ್ಡ ಹಾಯಿಕಂಬ ಮುಂಭಾಗದಲ್ಲಿದೆ, ಅದಕ್ಕೊಂದೇ ಹಾಯಿ. ಆ ಹಾಯಿಯ ಮೇಲ್ತುದಿಯನ್ನು ಕರ್ಣದಂತೆ ಅಡ್ಡಹಾಯುವ ಕೋಲೊಂದು ಎತ್ತಿಹಿಡಿಯುತ್ತದೆ. ಗಾಳಿ ಹೆಚ್ಚಾದರೆ ಮಗು ಮಾಡಬೇಕಾದುದು ಒಂದೇ: ಕೈಯಲ್ಲಿರುವ ಹಗ್ಗವನ್ನು ಬಿಟ್ಟುಬಿಡುವುದು. ಹಾಯಿ ಬಟ್ಟೆಯಂತೆ ಪಟಪಟಿಸಿ ದೋಣಿ ನಿಲ್ಲುತ್ತದೆ. ಸುಮಾರು 2.3 ಮೀಟರ್ ಉದ್ದದ, ಸುಮಾರು 35 ಕಿಲೋ ತೂಕದ ಈ ದೋಣಿಯೊಳಗೆ ಗಾಳಿಚೀಲಗಳನ್ನು ಕಟ್ಟುವ ನಿಯಮ ಬಂದ ಬಳಿಕ, ಮಗುಚಿ ನೀರು ತುಂಬಿದರೂ ಅದು ತೇಲುತ್ತಲೇ ಇರುತ್ತದೆ.

1950ರ ದಶಕದಲ್ಲಿ ಆಕ್ಸೆಲ್ ಡಾಮ್‌ಗಾರ್ಡ್ ಎಂಬವನ ಮೂಲಕ ಈ ದೋಣಿ ಡೆನ್ಮಾರ್ಕಿಗೆ, ಅಲ್ಲಿಂದ ಯೂರೋಪಿನ ಇತರ ದೇಶಗಳಿಗೆ ಹರಡಿತು. ಅದರ ಮೊದಲ ವಿಶ್ವ ಸ್ಪರ್ಧೆ 1962ರಲ್ಲಿ ಇಂಗ್ಲೆಂಡಿನ ಹ್ಯಾಂಬಲ್‌ನಲ್ಲಿ ಜರುಗಿತು. ಹಿಂದೆ ಫ್ರೈಯ 'ಮರ್ಕ್ಯುರಿ' ಹಡಗು ನೆಲೆನಿಂತಿದ್ದುದೂ ಹ್ಯಾಂಬಲ್ ನದಿಯಲ್ಲಿಯೇ. ಅರ್ಧ ಶತಮಾನದ ಅಂತರದಲ್ಲಿ ಒಂದೇ ನೀರಿನ ಮೇಲೆ ಎರಡು ಬಗೆಯ ಬಾಲ್ಯಗಳು ಹಾದುಹೋದವೆನ್ನಬಹುದು. ಅದೇ 1962ರಲ್ಲಿ ಬ್ಯಾರಿ ಬಕ್ನೆಲ್ ಮತ್ತು ಜ್ಯಾಕ್ ಹೋಲ್ಟ್ ರೂಪಿಸಿದ, ಮನೆಯಲ್ಲಿಯೇ ಹಲಗೆಗಳನ್ನು ತಂತಿಯಿಂದ ಹೊಲಿದು ಅಂಟಿಸಿ ಕಟ್ಟಬಹುದಾದ 'ಮಿರರ್' ದೋಣಿ ಬಂದಿತು. ಮಧ್ಯಮವರ್ಗದ ಕುಟುಂಬಗಳು ನೀರಿಗಿಳಿಯಲು ಇದು ನೆರವಾಯಿತು.

ದೋಣಿ ಬದಲಾದುದರಿಂದ ಬೋಧನೆಯ ಕ್ರಮವೂ ಬದಲಾಯಿತು. ಕಟರ್ ದೋಣಿಯಲ್ಲಿ ಹತ್ತಾರು ಹುಡುಗರು ಹಿರಿಯನೊಬ್ಬನ ಆಜ್ಞೆಯನ್ನು ಪಾಲಿಸಿದರೆ ಸಾಕಾಗಿತ್ತು. ತಪ್ಪು ಮಾಡುವ ಅಧಿಕಾರವೂ ಆ ಹಿರಿಯನೊಬ್ಬನದೇ. ಅವನು ತಪ್ಪಿದರೆ ಎಲ್ಲರೂ ಮುಳುಗುತ್ತಿದ್ದರು. ಆಪ್ಟಿಮಿಸ್ಟ್‌ನಲ್ಲಿ ಮಗು ಒಂಟಿ. ಚುಕ್ಕಾಣಿಯೂ ಅದರದೇ, ಹಾಯಿಯ ಹಗ್ಗವೂ ಅದರದೇ. ಹಿರಿಯನು ಬೇರೊಂದು ಮೋಟಾರು ದೋಣಿಯಲ್ಲಿ ಸಮೀಪದಲ್ಲಿರುತ್ತಾನೆ. ಇಂದು ಬಹುತೇಕ ಶಾಲೆಗಳಲ್ಲಿ ಅನುಸರಿಸುವ ಕ್ರಮ ಹೀಗಿದೆ. ಮೊದಲು ಈಜು, ಲೈಫ್ ಜಾಕೆಟ್ ತೊಟ್ಟು ನೀರಿನಲ್ಲಿ ತೇಲುವ ಅಭ್ಯಾಸ. ಬಳಿಕ ದಡದಲ್ಲಿ ನಿಂತು ಗಾಳಿಯ ದಿಕ್ಕನ್ನು ಕೆನ್ನೆಯಿಂದ, ಧ್ವಜದಿಂದ, ನೀರಿನ ಸುಕ್ಕುಗಳಿಂದ ಗುರುತಿಸುವುದು. ಅನಂತರ, ಹಾಯಿ ಬಿಡುವುದಕ್ಕೂ ಮೊದಲು, ದೋಣಿಯನ್ನು ಬೇಕೆಂದೇ ಮಗುಚುವುದು. ಮಗು ದೋಣಿಯನ್ನು ಬಿಟ್ಟು ದಡದತ್ತ ಈಜಬಾರದು. ತಳದಿಂದ ಹೊರಚಾಚಿರುವ ನಡುಹಲಗೆಯನ್ನು ಹಿಡಿದು, ಅದರ ಮೇಲೆ ಭಾರ ಹಾಕಿ ದೋಣಿಯನ್ನು ನೆಟ್ಟಗೆ ಮಾಡಬೇಕು. ಹಿಂಬದಿಯಿಂದ ಹತ್ತಿ, ಹಗ್ಗದಿಂದ ಕಟ್ಟಿರುವ ಚೊಂಬಿನಂಥ ಪಾತ್ರೆಯಿಂದ ನೀರು ಮೊಗೆಯಬೇಕು. ಹಿಂದಿನ ಕಾಲದಲ್ಲಿ ದುರಂತವೆನಿಸಿಕೊಂಡ ಘಟನೆಯೇ ಇಲ್ಲಿ ಮೊದಲ ಪಾಠ. ಲೇಸ್‌ಡೌನ್ ಕಾಲದ ಬೋಧಕರಿಗೂ ಇದಕ್ಕೂ ಇರುವ ದೂರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಇನ್ನೊಂದು ಅಂಶ ಕಾಣದು.

ಲೈಮ್ ಕೊಲ್ಲಿ, 1993

ಮಕ್ಕಳಿಗೆ ತಕ್ಕ ದೋಣಿ ಬಂದುದರಿಂದ ಪ್ರಶ್ನೆ ಬಗೆಹರಿಯಿತೆಂದು ಭಾವಿಸುವಂತಿಲ್ಲ. ನನ್‌ಹೆಡ್‌ನ ಕಂಚಿನ ಸ್ಕೌಟ್ ಪ್ರತಿಮೆ 1969ರಲ್ಲಿ ಕಳವಾಗಿತ್ತು. ಸತ್ತವರ ನೆನಪಿಗೆ ಹೊಸ ಸ್ಮಾರಕಶಿಲೆಯನ್ನು ನಿಲ್ಲಿಸಿದುದು 1992ರಲ್ಲಿ. ಮರುವರ್ಷ ಮಾರ್ಚ್ 22ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ಕೊಲ್ಲಿಯಲ್ಲಿ ಪ್ಲಿಮತ್ ನಗರದ ಶಾಲೆಯೊಂದರ ನಾಲ್ವರು ವಿದ್ಯಾರ್ಥಿಗಳು ಸತ್ತರು.

ಎಂಟು ವಿದ್ಯಾರ್ಥಿಗಳು, ಅವರ ಶಿಕ್ಷಕ, ಸಾಹಸ ಕೇಂದ್ರವೊಂದರ ಇಬ್ಬರು ಬೋಧಕರು ಕಯಾಕ್‌ಗಳಲ್ಲಿ ಲೈಮ್ ರೀಜಿಸ್‌ನಿಂದ ಸಮೀಪದ ಚಾರ್ಮತ್‌ಗೆ ಹೊರಟಿದ್ದರು. ತೀರಕ್ಕೆ ಅಂಟಿಕೊಂಡು ಹೋಗಬೇಕಾದ ಅಲ್ಪ ದೂರದ ಪ್ರಯಾಣವದು. ಆದರೆ ಗಾಳಿ ದಡದಿಂದ ಕಡಲಿನ ಕಡೆಗೆ ಬೀಸುತ್ತಿತ್ತು. ದಡದಲ್ಲಿ ನಿಂತವನಿಗೆ ಇಂಥ ಗಾಳಿಯಲ್ಲಿ ನೀರು ಶಾಂತವಾಗಿಯೇ ಕಾಣುತ್ತದೆ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಅಲೆಗಳು ಏಳುತ್ತವೆ, ಹಿಂತಿರುಗುವುದು ಕಷ್ಟವಾಗುತ್ತದೆ. ಮಲ್ಪೆಯ ಅಥವಾ ಕಾರವಾರದ ಯಾವ ಮೀನುಗಾರನಿಗೂ ಇದನ್ನು ಹೇಳಿಕೊಡಬೇಕಿಲ್ಲ. ತಂಡ ಚದುರಿತು, ಕಯಾಕ್‌ಗಳಿಗೆ ನೀರು ನುಗ್ಗಿತು, ಅವರು ಹಿಂತಿರುಗಬೇಕಾದ ಹೊತ್ತು ಕಳೆದು ತಾಸುಗಳಾದ ಮೇಲೆಯೇ ರಕ್ಷಣಾ ಪಡೆಗೆ ಸುದ್ದಿ ಮುಟ್ಟಿತು. ಮಾರ್ಚ್ ತಿಂಗಳ ತಣ್ಣೀರಿನಲ್ಲಿ ಅಷ್ಟು ಕಾಲ ಬದುಕುಳಿಯುವುದು ಸುಲಭವಲ್ಲ.

ತನಿಖೆಯಲ್ಲಿ ಹೊರಬಂದ ಅಂಶಗಳಲ್ಲಿ ಒಂದು ವಿಶೇಷವಾಗಿ ಉಲ್ಲೇಖಾರ್ಹ. ಹಿಂದಿನ ವರ್ಷವೇ ಅದೇ ಕೇಂದ್ರದ ಇಬ್ಬರು ಬೋಧಕರು ಸುರಕ್ಷತೆ ಸಾಲದೆಂದು ಕೆಲಸ ಬಿಟ್ಟು, ಆಡಳಿತಕ್ಕೆ ಎಚ್ಚರಿಕೆಯ ಪತ್ರ ಬರೆದಿದ್ದರು. ಅದು ನಿಷ್ಫಲವಾಗಿತ್ತು. 1994ರಲ್ಲಿ ಕೇಂದ್ರವನ್ನು ನಡೆಸುತ್ತಿದ್ದ ಸಂಸ್ಥೆಯೂ ಅದರ ವ್ಯವಸ್ಥಾಪಕ ನಿರ್ದೇಶಕನೂ ನರಹತ್ಯೆಯ ಅಪರಾಧಿಗಳೆಂದು ನ್ಯಾಯಾಲಯ ತೀರ್ಪಿತ್ತಿತು. ಇಂಗ್ಲೆಂಡಿನಲ್ಲಿ ಕಂಪನಿಯೊಂದಕ್ಕೆ ಇಂಥ ಶಿಕ್ಷೆಯಾದುದು ಅದೇ ಮೊದಲು. ಸತ್ತ ಮಕ್ಕಳ ತಂದೆತಾಯಿಗಳು ಅಲ್ಲಿಗೇ ಸುಮ್ಮನಾಗಲಿಲ್ಲ. ಪ್ಲಿಮತ್‌ನ ಸಂಸತ್ ಸದಸ್ಯ ಡೇವಿಡ್ ಜೇಮಿಸನ್ ಮಂಡಿಸಿದ ಖಾಸಗಿ ಮಸೂದೆಯ ಮೂಲಕ 1995ರಲ್ಲಿ ಎಳೆಯರ ಸುರಕ್ಷತೆಗಾಗಿ ಸಾಹಸ ಕೇಂದ್ರಗಳ ಕಾಯಿದೆ ಜಾರಿಗೆ ಬಂದಿತು. ಹದಿನೆಂಟು ವರ್ಷದೊಳಗಿನವರಿಗೆ ಹಣ ಪಡೆದು ಇಂಥ ಚಟುವಟಿಕೆ ನಡೆಸುವ ಕೇಂದ್ರಗಳಿಗೆ ಪರವಾನಗಿ ಮತ್ತು ತಪಾಸಣೆ ಕಡ್ಡಾಯವಾಯಿತು.

1912ರಲ್ಲಿ ಸತ್ತ ಬಾಲಕರಿಗೆ ಯುದ್ಧನೌಕೆ ದೊರಕಿತು, 1993ರಲ್ಲಿ ಸತ್ತವರಿಗೆ ಕಾಯಿದೆ. ಮಕ್ಕಳ ಧೈರ್ಯವನ್ನು ಹೊಗಳುವುದರ ಬದಲಿಗೆ ಹಿರಿಯರ ಹೊಣೆಯನ್ನು ಹೆಸರಿಸುವ ಮಾತು ಸಾರ್ವಜನಿಕವಾಗಿ ಸಾಧ್ಯವಾಗಲು ಎಂಟು ದಶಕ ಬೇಕಾಯಿತು. ಆ ಬಳಿಕ ಬ್ರಿಟನ್ನಿನಲ್ಲಿ, ನಿಯಮಗಳ ಭಾರದಿಂದ ಶಿಕ್ಷಕರು ಮಕ್ಕಳನ್ನು ನೀರಿನ ಬಳಿಗೇ ಕರೆದೊಯ್ಯಲು ಹಿಂಜರಿಯುತ್ತಾರೆ ಎಂಬ ದೂರು ಕೇಳಿಬಂದಿತು. ಆ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಎಚ್ಚರಿಕೆಯ ಪತ್ರವನ್ನು ಬದಿಗಿಟ್ಟ ಕೇಂದ್ರದ ಮುಂದೆ ಆ ದೂರು ದುರ್ಬಲವಾಗಿ ಕಾಣುತ್ತದೆ.

ಭಾರತದ ಸಂದರ್ಭ

ಭಾರತದಲ್ಲಿ ನೌಕಾವೃತ್ತಿಯ ತರಬೇತಿಗಾಗಿ 1927ರಲ್ಲಿ ಮುಂಬಯಿಯಲ್ಲಿ 'ಡಫರಿನ್' ತರಬೇತಿ ಹಡಗು ಆರಂಭವಾಯಿತು. ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಕೆಡೆಟ್ ದಳದ ನೌಕಾ ಘಟಕಗಳು ವಿದ್ಯಾರ್ಥಿಗಳಿಗೆ ವೇಲರ್ ದೋಣಿಗಳಲ್ಲಿ ಹುಟ್ಟು ಹಾಕಲು, ಹಾಯಿ ಕಟ್ಟಲು ಕಲಿಸಿದವು. ಕರ್ನಾಟಕದಲ್ಲಿ ಮಂಗಳೂರು, ಕಾರವಾರಗಳು ಇದಕ್ಕೆ ನೆಲೆಯಾದವು. ಚೆನ್ನೈನಲ್ಲಿ ಬೇಸಿಗೆ ಶಿಬಿರವೊಂದರಲ್ಲಿ ಬಾಲ್ಯದಲ್ಲಿ ಹಾಯಿದೋಣಿ ಕಲಿತ ನೇತ್ರಾ ಕುಮಾನನ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಈ ಕ್ರೀಡೆಯಲ್ಲಿ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳೆಯೆನಿಸಿದರು. ಹೈದರಾಬಾದಿನಲ್ಲಿ 2009ರಲ್ಲಿ ಸುಹೇಮ್ ಶೇಖ್ ಸ್ಥಾಪಿಸಿದ ಯಾಟ್ ಕ್ಲಬ್ ಬಡ ಕುಟುಂಬಗಳ ಮಕ್ಕಳನ್ನು ಹುಸೇನ್ ಸಾಗರದ ಮೇಲೆ ಆಪ್ಟಿಮಿಸ್ಟ್ ದೋಣಿಗಳಲ್ಲಿ ಕೂರಿಸಿತು.

ಈ ಪ್ರಯತ್ನಗಳ ವ್ಯಾಪ್ತಿ ಕಿರಿದು. ನಮ್ಮ ಬಹುಪಾಲು ಮಕ್ಕಳು ದೋಣಿ ಹತ್ತುವುದು ಪ್ರಯಾಣಿಕರಾಗಿ, ಹೆಚ್ಚಾಗಿ ಶಾಲೆಯ ಪ್ರವಾಸದಲ್ಲಿ ಅಥವಾ ಮನೆಯವರೊಡನೆ ಜಾತ್ರೆಯಲ್ಲಿ. 2007ರ ಫೆಬ್ರವರಿ 20ರಂದು ಕೇರಳದ ತಟ್ಟೇಕ್ಕಾಡ್‌ನಲ್ಲಿ ಪೆರಿಯಾರ್ ನದಿಯಲ್ಲಿ ದೋಣಿ ಮುಳುಗಿ 15 ವಿದ್ಯಾರ್ಥಿಗಳೂ ಮೂವರು ಶಿಕ್ಷಕರೂ ಸತ್ತರು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿ ಮಗುಚಿ, ಮಕ್ಕಳೂ ಸೇರಿ 16 ಮಂದಿ ಸತ್ತರು. ಅವರಲ್ಲಿ ಕಡಲಿನಿಂದ ಬಹು ದೂರದ ಹಾವೇರಿ ಜಿಲ್ಲೆಯವರು ಹಲವರಿದ್ದರು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ 12 ವಿದ್ಯಾರ್ಥಿಗಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಅಲ್ಲಿ ಲೈಫ್ ಜಾಕೆಟ್ ಎಲ್ಲ ಮಕ್ಕಳ ಮೈಮೇಲೂ ಇರಲಿಲ್ಲ. ಮಿತಿಮೀರಿದ ಜನಭಾರ ಈ ಘಟನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು. ಒಂದು ಬಾರಿಯಾದರೂ ಚಿಕ್ಕ ದೋಣಿಯ ಚುಕ್ಕಾಣಿ ಹಿಡಿದ, ಒಂದು ಬಾರಿಯಾದರೂ ಬೇಕೆಂದೇ ಮಗುಚಿದ ಹುಡುಗಿಗೆ ತುಂಬಿದ ದೋಣಿಯ ಅಂಚು ನೀರಿಗೆ ಎಷ್ಟು ಹತ್ತಿರವಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಆಸನವೊಂದನ್ನಷ್ಟೇ ಕಂಡ ಮಗುವಿಗೆ ಅದು ಕಾಣುವುದಿಲ್ಲ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಆಶ್ರಯದಲ್ಲಿ ಹಾಯಿದೋಣಿಯ ತರಬೇತಿ ನಡೆದುಬಂದಿದೆ. 1985ರಿಂದ 1987ರವರೆಗೆ ಸೇನೆಯ ಎಂಜಿನಿಯರುಗಳು ಭೂಮಿಯನ್ನು ಸುತ್ತಿಬಂದ 'ತೃಷ್ಣಾ' ದೋಣಿಯ ಹೆಸರನ್ನೇ ಅಲ್ಲಿಯ ಕ್ಲಬ್ ಹೊತ್ತಿದೆ. ಸೇನೆಯು ಆಯ್ದ ಬಾಲಕರು ಅಲ್ಲಿ ಚುಕ್ಕಾಣಿ ಹಿಡಿದಿದ್ದಾರೆ. ಅದೇ ಕೆರೆಯಲ್ಲಿ ಸಾರ್ವಜನಿಕರಿಗೆ ದೋಣಿವಿಹಾರ ನಡೆದ ವರ್ಷಗಳಲ್ಲಿ ನಗರದ ಉಳಿದ ಮಕ್ಕಳು ಚೀಟಿ ಪಡೆದು ಸರದಿಯಲ್ಲಿ ನಿಂತು ಹಲಗೆಯ ಮೇಲೆ ಕುಳಿತರು, ಒಂದು ಸುತ್ತು ಬಂದು ಇಳಿದರು.